ಆದ ಹಾಗೆ ಆಗುವುದಿಲ್ಲ

ಎರಡು ವರ್ಷಗಳ ಹಿಂದೆ ನನ್ನ ಮೊಬೈಲಿನಲ್ಲಿ ಗ್ಯಾಸ್ ಒಲೆಯ 1,300ಕ್ಕೂ ಹೆಚ್ಚು ಫೋಟೋಗಳಿದ್ದವು. ಒಲೆಯ ಎರಡು ನಾಬ್, ಕೆಳಗೆ ಸಿಲಿಂಡರಿನ ರೆಗ್ಯುಲೇಟರ್, ಅಷ್ಟೇ. ನೆಂಟರ ಮದುವೆ, ಗಣಪತಿ ಹಬ್ಬ, ಮಗಳ ಹುಟ್ಟುಹಬ್ಬ ಇವುಗಳ ನಡುನಡುವೆ ಅದೇ ಒಲೆ, ಅದೇ ನಾಬ್.

ಬೆಳಿಗ್ಗೆ ಡೊಂಬಿವಲಿಯ ಮನೆಯಿಂದ ಕೊನೆಗೆ ಹೊರಡುವವಳು ನಾನು. ಇವರು ಏಳಕ್ಕೇ ಹೋಗಿರುತ್ತಾರೆ, ಮಗಳಿಗೆ ಕಾಲೇಜು. ಒಲೆ ಆರಿಸಿ, ರೆಗ್ಯುಲೇಟರ್ ಬಂದ್ ಮಾಡಿ, ಫೋಟೋ ತೆಗೆದು ಬೀಗ ಹಾಕುತ್ತಿದ್ದೆ. ಎರಡು ಮಹಡಿ ಇಳಿದು ಮತ್ತೆ ಹತ್ತುತ್ತಿದ್ದೆ. ಹೇಗೋ ಲೋಕಲ್ ಹಿಡಿದು ನಿಂತ ಮೇಲೆ ಮೊಬೈಲ್ ತೆಗೆದು ಫೋಟೋ ನೋಡುತ್ತಿದ್ದೆ. ನಾಬ್ ಆಫ್ ಇದೆ. ಇದು ಇವತ್ತಿನದೇನಾ? ತಾರೀಕು ನೋಡಿದರೆ ಇವತ್ತಿನದೇ. ಆದರೆ ಫೋಟೋ ತೆಗೆದ ಮೇಲೆ ಸೆರಗು ತಾಗಿ ನಾಬ್ ತಿರುಗಿದ್ದರೆ? ಅಲ್ಲಿಂದ ಮಗಳಿಗೆ ಫೋನು. "ಅಮ್ಮಾ, ಆಫ್ ಇತ್ತು, ನಾನು ನೋಡಿದ್ದೇನೆ." ಅವಳು ನನಗಿಂತ ಮೊದಲೇ ಮನೆ ಬಿಟ್ಟಿರುತ್ತಿದ್ದಳು, ಅವಳು ನೋಡಿರುವುದು ಸಾಧ್ಯವೇ ಇಲ್ಲವೆಂದು ನನಗೂ ಗೊತ್ತಿತ್ತು. ಆದರೂ ಆ ಮಾತು ಕಿವಿಗೆ ಬಿದ್ದರೆ ಒಂದು ಹತ್ತು ನಿಮಿಷ ಉಸಿರಾಡಬಹುದಿತ್ತು. ಠಾಣೆಯಲ್ಲಿ ಇಳಿದು, ಎದುರಿನ ಪ್ಲಾಟ್‌ಫಾರ್ಮಿಗೆ ಓಡಿ, ಮನೆಗೆ ಮರಳಿದ ದಿನಗಳೂ ಇವೆ. ಪ್ರತಿ ಸಲವೂ ಒಲೆ ಆರಿಯೇ ಇರುತ್ತಿತ್ತು.

ಬ್ಯಾಂಕಿನಲ್ಲಿ ಇಪ್ಪತ್ತೇಳು ವರ್ಷ ಸರ್ವಿಸು. ದಿನಕ್ಕೆ ಲಕ್ಷಗಟ್ಟಲೆ ಹಣ ಎಣಿಸಿದ್ದೇನೆ, ಸಂಜೆಯ ಲೆಕ್ಕದಲ್ಲಿ ತಪ್ಪು ಬಿದ್ದದ್ದು ಬೆರಳೆಣಿಕೆಯಷ್ಟು ಸಲ. ಹಾಗಿದ್ದವಳಿಗೆ ಒಂದು ನಾಬ್ ನಂಬಲಾಗುವುದಿಲ್ಲವೆಂದರೆ? ಮರೆವಿನ ಕಾಯಿಲೆ ಶುರುವಾಯಿತೆಂದೇ ಹೆದರಿದ್ದೆ. ಇವರು ಮೊದಲು ನಕ್ಕರು, ಆಮೇಲೆ ಸಿಟ್ಟಾದರು, ಕೊನೆಗೆ ರಜೆ ಹಾಕಿ ಆಸ್ಪತ್ರೆಗೆ ಕರೆದುಕೊಂಡು ಹೋದರು.

ಡಾಕ್ಟರ್ ಮರಾಠಿ ಹೆಂಗಸು, ನನ್ನ ವಯಸ್ಸಿನವರೇ. ಮೂವತ್ತು ವರ್ಷದಿಂದ ತರಕಾರಿ ಕೊಳ್ಳಲು, ಗ್ರಾಹಕರ ಜೊತೆ ವ್ಯವಹರಿಸಲು, ನೆರೆಯವರ ಜೊತೆ ನಗಲು ನನ್ನ ಮರಾಠಿ ಸಾಕಾಗಿತ್ತು. ಮನಸ್ಸಿನ ಒಳಗಿನದನ್ನು ಹೇಳಲು ಸಾಕಾಗಲಿಲ್ಲ. ಮರಾಠಿಗೆ ಹಿಂದಿ, ಹಿಂದಿಗೆ ಇಂಗ್ಲಿಷ್ ಸೇರಿಸಿ ತಡವರಿಸುತ್ತಿದ್ದೆ. ಅವರು ತಾಳ್ಮೆಯಿಂದ ಕೇಳಿ, ಒಂದೇ ವಾಕ್ಯದಲ್ಲಿ ನನ್ನ ಕಾಯಿಲೆಯನ್ನು ನನ್ನ ಮುಂದಿಟ್ಟರು: "ಬಂದ್ ಕೇಲಂ ತರೀ ಬಂದ್ ಝಾಲ್ಯಾಸಾರಖಂ ವಾಟತ ನಾಹೀ, ಹೋ ನಾ?" ಬಂದ್ ಮಾಡಿದರೂ ಬಂದ್ ಆದ ಹಾಗೆ ಅನ್ನಿಸುವುದಿಲ್ಲ, ಅಲ್ಲವೇ?

ನಾನು ಅಳಲು ಶುರುಮಾಡಿದೆ. ಅವರು ಮುಂದಿನ ಪ್ರಶ್ನೆ ಕೇಳಿದರು: ಮನೆಯಲ್ಲಿ ಬೇರೆ ಯಾರಿಗಾದರೂ ಹೀಗೆ ಇತ್ತೇ? ಇಲ್ಲ ಎಂದೆ. ಖಚಿತವಾಗಿ ಇಲ್ಲ ಎಂದೆ.

ಮನೆಗೆ ಮರಳುವಾಗ, ಲೋಕಲ್ ಕುರ್ಲಾದಲ್ಲಿ ನಿಂತಿದ್ದಾಗ, ಆ ಮರಾಠಿ ವಾಕ್ಯ ತಲೆಯೊಳಗೆ ತಾನಾಗಿಯೇ ಕನ್ನಡವಾಯಿತು. ಅದೂ ಉಡುಪಿ ಕಡೆಯ ಕನ್ನಡ. ಅದನ್ನು ನಾನು ಮೊದಲೇ ಕೇಳಿದ್ದೆ.

1970ರ ದಶಕದ ಕೊನೆ. ನಮ್ಮ ಊರಮನೆಯ ಬಾವಿಕಟ್ಟೆ. ದೊಡ್ಡಮ್ಮ, ಎಂದರೆ ನನ್ನ ದೊಡ್ಡಪ್ಪನ ಹೆಂಡತಿ, ಕೊಡದ ಮೇಲೆ ಕೊಡ ಸೇದಿ ತಲೆಗೆ ಸುರಿದುಕೊಳ್ಳುತ್ತಿದ್ದರು. ಬೆಳಿಗ್ಗೆ ಶುರುವಾದರೆ ನಮ್ಮ ಗಂಜಿ ಊಟ ಮುಗಿದರೂ ಅವರ ಸ್ನಾನ ಮುಗಿಯುತ್ತಿರಲಿಲ್ಲ. ಕೈಬೆರಳುಗಳ ಸಂದು ಬಿಳಿಚಿ ಒಡೆದಿರುತ್ತಿತ್ತು. ಅವರಿಗೆ ಮಡಿಯ ಹುಚ್ಚು ಎಂದು ಊರೇ ಹೇಳುತ್ತಿತ್ತು. ಮನೆಯಲ್ಲಿ ನಿಜವಾದ ಮಡಿಯವರು ನಮ್ಮ ಅಜ್ಜಿ. ಆ ಮಡಿ ಯಾರು ಯಾರನ್ನು ಅಂಗಳದಾಚೆ ನಿಲ್ಲಿಸಿತು ಎಂಬುದು ಬೇರೆಯೇ ಮಾತು. ನಾನು ಹೇಳುತ್ತಿರುವುದು ಇಷ್ಟೇ: ಅಜ್ಜಿಯ ಮಡಿಗೆ ಒಂದು ಕೊನೆ ಇತ್ತು. ಮೂರು ಕೊಡ ನೀರು, ಒಣಗಿದ ಸೀರೆ, ಮುಗಿಯಿತು. ದೊಡ್ಡಮ್ಮನಿಗೆ ಆ ಕೊನೆ ಸಿಗುತ್ತಿರಲಿಲ್ಲ. ಒಂದು ದಿನ ಅಜ್ಜಿಯೇ ಸಾಕಾಗಿ, "ಆಯ್ತು ಮಾರಾಯ್ತಿ, ಶುದ್ಧ ಆಯ್ತು, ಬಾ ಒಳಗೆ" ಎಂದರು. ದೊಡ್ಡಮ್ಮ ಕೊಡ ಹಿಡಿದುಕೊಂಡೇ ಹೇಳಿದರು: "ಆಯ್ತು ಅಂತ ಗೊತ್ತುಂಟು ಅತ್ತೆ. ಆದರೆ ಆದ ಹಾಗೆ ಆಗುವುದಿಲ್ಲ."

ನಾವು ಮಕ್ಕಳಿಗೆ ಅದೊಂದು ಆಟ. ಅವರು ಒದ್ದೆ ಸೀರೆಯಲ್ಲಿ ಮೆಟ್ಟಿಲು ಹತ್ತಿ ಬರುವಾಗ ಹಿಂದಿನಿಂದ ಹೋಗಿ ಮುಟ್ಟಿ ಓಡುತ್ತಿದ್ದೆವು. ಅವರು ಬೈಯುತ್ತಿರಲಿಲ್ಲ, ತಿರುಗಿ ಬಾವಿಕಟ್ಟೆಗೆ ಹೋಗುತ್ತಿದ್ದರು. ನಾನೂ ಮುಟ್ಟಿದ್ದೇನೆ, ಒಂದು ಸಲವಲ್ಲ.

ಈ ಕಾಯಿಲೆಗೆ ಇಂಗ್ಲಿಷಿನಲ್ಲಿ ಅಬ್ಸೆಸಿವ್ ಕಂಪಲ್ಸಿವ್ ಡಿಸಾರ್ಡರ್ ಎನ್ನುತ್ತಾರೆ, ಚಿಕ್ಕದಾಗಿ ಓಸಿಡಿ. ಕನ್ನಡದ ವೈದ್ಯರು ಗೀಳು ಮನೋರೋಗ ಎಂದು ಬರೆಯುತ್ತಾರೆ. ಓದುವ ಗೀಳು, ಸಿನಿಮಾ ಗೀಳು ಎಂದೆಲ್ಲ ನಾವು ಹೇಳುವಾಗ ಅದರಲ್ಲಿ ಒಂದು ಖುಷಿ ಇರುತ್ತದೆ. ಈ ಗೀಳಿನಲ್ಲಿ ಖುಷಿ ಇಲ್ಲ. ಬೇಡದ ಯೋಚನೆಯೊಂದು ನುಗ್ಗುತ್ತದೆ, ಅದರ ಸಂಕಟ ತಗ್ಗಿಸಲು ಒಂದು ಕೆಲಸವನ್ನು ಮತ್ತೆ ಮತ್ತೆ ಮಾಡಬೇಕಾಗುತ್ತದೆ. ಮಾಡುತ್ತಿರುವುದು ಅರ್ಥವಿಲ್ಲದ್ದೆಂದು ನಮಗೆ ಚೆನ್ನಾಗಿ ಗೊತ್ತಿರುತ್ತದೆ. ಹೆಚ್ಚಿನವರಲ್ಲಿ ಇದು ಬಾಲ್ಯದಿಂದ ಎಳೆ ಯೌವನದ ಒಳಗೆ ಶುರುವಾಗುತ್ತದೆ. ನನಗೂ ಕಾಲೇಜಿನಲ್ಲೇ ಇತ್ತು. ಹಾಲ್ ಟಿಕೆಟ್ ಚೀಲದಲ್ಲಿದೆಯೇ ಎಂದು ಪರೀಕ್ಷೆಯ ದಿನ ಇಪ್ಪತ್ತು ಸಲ ನೋಡಿ, ಬಸ್ಸು ತಪ್ಪಿಸಿಕೊಂಡಿದ್ದೆ. ಕೆಲವು ವರ್ಷಗಳ ಹಿಂದೆ ಪಕ್ಕದ ಕಟ್ಟಡದಲ್ಲಿ ಗ್ಯಾಸ್ ಸೋರಿ ಬೆಂಕಿ ಬಿದ್ದ ಮೇಲೆ ಅದು ಒಲೆಗೆ ಬಂದು ಕೂತಿತು. ಆ ಬೆಂಕಿಯಿಂದಲೇ ಹೀಗಾಯಿತೇ ಎಂದು ಡಾಕ್ಟರನ್ನು ಕೇಳಿದೆ. ಅದು ಗೀರಿದ ಕಡ್ಡಿ ಇರಬಹುದು, ಸೌದೆ ಮೊದಲೇ ಒಟ್ಟಿತ್ತು ಎಂಬರ್ಥದ ಮಾತು ಹೇಳಿದರು.

ಆ ಸೌದೆ ಯಾವುದು ಎಂದು ತಿಳಿಯುವ ಹಟ ನನಗೆ. ಕೈಗೆ ಸಿಕ್ಕಿದ್ದನ್ನೆಲ್ಲ ಓದಿದೆ, ಅರ್ಥವಾಗದ್ದನ್ನು ಡಾಕ್ಟರಲ್ಲಿ ಕೇಳಿದೆ.

ಹಣೆಯ ಹಿಂದೆ, ಕಣ್ಣಿನ ಗೂಡುಗಳ ಮೇಲ್ಗಡೆ, ಮಿದುಳಿನ ಒಂದು ಭಾಗವಿದೆ. ಆರ್ಬಿಟೋಫ್ರಂಟಲ್ ಕಾರ್ಟೆಕ್ಸ್ ಎಂದು ಹೆಸರು. ಯಾವುದು ಒಳ್ಳೆಯದು, ಯಾವುದು ಅಪಾಯ, ಎಲ್ಲಿ ಏನೋ ಸರಿ ಇಲ್ಲ ಎಂದು ತೂಗಿ ನೋಡುವುದು ಅದರ ಕೆಲಸ. ಅಲ್ಲಿಂದ ಸುದ್ದಿ ಮಿದುಳಿನ ಆಳಕ್ಕೆ, ಕಾಡೇಟ್ ಎಂಬ ಬಾಲದಾಕಾರದ ಭಾಗಕ್ಕೆ ಹೋಗುತ್ತದೆ. ಯಾವ ಸುದ್ದಿಯನ್ನು ಮುಂದೆ ಬಿಡಬೇಕು, ಯಾವುದನ್ನು ತಡೆಯಬೇಕು ಎಂದು ಜರಡಿ ಹಿಡಿಯುವುದರಲ್ಲಿ ಅದರ ಪಾಲಿದೆ. ಜರಡಿಯಿಂದ ಇಳಿದದ್ದು ಥಲಾಮಸ್ ಎಂಬ ಜಂಕ್ಷನ್ ಮೂಲಕ ಮತ್ತೆ ಹಣೆಯ ಹಿಂದಕ್ಕೆ ಬರುತ್ತದೆ. ಇದೊಂದು ಸುತ್ತುದಾರಿ. ಎಲ್ಲರಲ್ಲೂ ಇದೆ. ಒಲೆ ಆರಿಸಿದ ಮೇಲೆ ಈ ದಾರಿಯಲ್ಲಿ ಸದ್ದಡಗಬೇಕು, ಮನಸ್ಸು ಮುಂದಿನ ಕೆಲಸಕ್ಕೆ ಹೋಗಬೇಕು. ನಮ್ಮಂಥವರಲ್ಲಿ ಸದ್ದಡಗುವುದಿಲ್ಲ.

ಮಳೆಗಾಲದಲ್ಲಿ ನಮ್ಮ ಮನೆಯ ಕರೆಗಂಟೆಯ ಗುಂಡಿ ಒಮ್ಮೊಮ್ಮೆ ಒಳಗೇ ಸಿಕ್ಕಿಕೊಳ್ಳುತ್ತದೆ. ಬೆಲ್ ಬಡಿಯುತ್ತಲೇ ಇರುತ್ತದೆ. ಬಾಗಿಲು ತೆರೆದರೆ ಯಾರೂ ಇಲ್ಲ. ಮುಚ್ಚಿದರೆ ಮತ್ತೆ ಬೆಲ್. ಎಷ್ಟು ಸಲ ಬಾಗಿಲು ತೆರೆದು ನೋಡಿದರೂ ಬೆಲ್ ನಿಲ್ಲುವುದಿಲ್ಲ, ಏಕೆಂದರೆ ಕೆಟ್ಟಿರುವುದು ಗುಂಡಿ. ನನ್ನ 1,300 ಫೋಟೋಗಳೆಂದರೆ 1,300 ಸಲ ಬಾಗಿಲು ತೆರೆದು ನೋಡಿದ್ದು.

ಇದು ಬರೀ ಹೋಲಿಕೆಯಲ್ಲ. 1917ರಲ್ಲಿ ವಿಯೆನ್ನಾದ ವೈದ್ಯ ಕಾನ್‌ಸ್ಟಂಟಿನ್ ಫಾನ್ ಎಕನಾಮೊ ಒಂದು ವಿಚಿತ್ರ ಮಿದುಳುಜ್ವರವನ್ನು ವಿವರಿಸಿದ. ಅದರಿಂದ ಬದುಕಿ ಉಳಿದ ಕೆಲವರಲ್ಲಿ, ಮೊದಲು ಇಲ್ಲದ ಗೀಳುಗಳು ಕಾಣಿಸಿಕೊಂಡವು. ಜ್ವರ ಪೆಟ್ಟು ಕೊಟ್ಟದ್ದು ಮಿದುಳಿನ ಆಳದ ಭಾಗಗಳಿಗೆ. ಇದು ಬರೀ ಮನಸ್ಸಿನ ದೌರ್ಬಲ್ಯವಲ್ಲ, ಮಿದುಳಿನ ಯಂತ್ರದಲ್ಲೇ ಇದಕ್ಕೆ ಜಾಗವಿದೆ ಎಂಬುದಕ್ಕೆ ಸಿಕ್ಕ ಮೊದಮೊದಲ ಸುಳಿವುಗಳಲ್ಲಿ ಅದೂ ಒಂದು. 1987ರಲ್ಲಿ ಅಮೆರಿಕದ ಲಾಸ್ ಏಂಜಲೀಸಿನಲ್ಲಿ ಲೂಯಿಸ್ ಬ್ಯಾಕ್ಸ್‌ಟರ್ ಮತ್ತು ಸಂಗಡಿಗರು ಪೆಟ್ ಸ್ಕ್ಯಾನ್ ಮಾಡಿ, ಗೀಳು ರೋಗಿಗಳಲ್ಲಿ ಆ ಸುತ್ತುದಾರಿಯ ಭಾಗಗಳು ಹೆಚ್ಚು ಗ್ಲೂಕೋಸ್ ಉರಿಸುತ್ತವೆ ಎಂದು ತೋರಿಸಿದರು. ಎಂದರೆ ಅವು ವಿಶ್ರಾಂತಿ ಇಲ್ಲದೆ ದುಡಿಯುತ್ತಿರುತ್ತವೆ. 2000ದಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನ ಇದೆ. ತಪ್ಪು ಮಾಡಿದಾಗ ಸೆಕೆಂಡಿನ ಹತ್ತರಲ್ಲಿ ಒಂದು ಪಾಲಿನೊಳಗೆ ಮಿದುಳು 'ತಪ್ಪಾಯಿತು' ಎಂಬ ವಿದ್ಯುತ್ ಸಂಕೇತ ಹೊರಡಿಸುತ್ತದೆ. ಗೀಳು ರೋಗಿಗಳಲ್ಲಿ ಆ ಸಂಕೇತ ಬೇರೆಯವರಿಗಿಂತ ಜೋರು.

ಇದನ್ನು ಓದಿ ಇವರು, "ನಿನಗೂ ಒಂದು ಸ್ಕ್ಯಾನ್ ಮಾಡಿಸೋಣ" ಎಂದರು. ಡಾಕ್ಟರ್ ಬೇಡ ಎಂದರು. ಈ ವ್ಯತ್ಯಾಸಗಳು ಹತ್ತಾರು ಜನರ ಸರಾಸರಿಯಲ್ಲಿ ಕಾಣುವಂಥವು. ಒಬ್ಬರ ಸ್ಕ್ಯಾನ್ ನೋಡಿ ಓಸಿಡಿ ಇದೆ, ಇಲ್ಲ ಎಂದು ಹೇಳಲಾಗುವುದಿಲ್ಲ. ರೋಗನಿರ್ಣಯ ನಡೆಯುವುದು ಕೂತು ಮಾತಾಡಿಯೇ. ಅದರ ತೀವ್ರತೆ ಅಳೆಯಲು 1989ರಿಂದ ಬಳಕೆಯಲ್ಲಿರುವ ಹತ್ತು ಪ್ರಶ್ನೆಗಳ ಒಂದು ಅಳತೆಗೋಲಿದೆ, ಒಟ್ಟು ಅಂಕ 40. ನನಗೆ 27 ಬಂತು. ಶಾಲೆಯಲ್ಲಿ ಯಾವತ್ತೂ ಹೆಚ್ಚು ಅಂಕಕ್ಕೆ ಇಷ್ಟು ಹೆದರಿರಲಿಲ್ಲ.

ನನ್ನನ್ನು ಬೆಚ್ಚಿಬೀಳಿಸಿದ್ದು ಇನ್ನೊಂದು ಪ್ರಯೋಗ. 2003ರಲ್ಲಿ ನೆದರ್ಲೆಂಡ್ಸಿನ ಇಬ್ಬರು ಮನಶ್ಶಾಸ್ತ್ರಜ್ಞರು, ಮಾರ್ಸೆಲ್ ವಾನ್ ಡೆನ್ ಹೌಟ್ ಮತ್ತು ಮೆರೆಲ್ ಕಿಂಟ್, ಯಾವ ಕಾಯಿಲೆಯೂ ಇಲ್ಲದ ವಿದ್ಯಾರ್ಥಿಗಳನ್ನು ಕಂಪ್ಯೂಟರ್ ಮುಂದೆ ಕೂರಿಸಿದರು. ಪರದೆಯ ಮೇಲೆ ಒಂದು ಗ್ಯಾಸ್ ಒಲೆ! ಹಚ್ಚಬೇಕು, ಆರಿಸಬೇಕು, ಆರಿದೆಯೇ ಎಂದು ನೋಡಬೇಕು. ಮತ್ತೆ ಮತ್ತೆ ಅದೇ. ಇನ್ನೊಂದು ಗುಂಪು ಒಲೆಯ ಬದಲು ಬಲ್ಬುಗಳನ್ನು ಹೀಗೆ ಪರೀಕ್ಷಿಸಿತು. ಕೊನೆಗೆ ಎರಡೂ ಗುಂಪಿನವರು ಒಲೆಯನ್ನು ಒಂದು ಸಲ ನೋಡಿದರು. ಕಳೆದ ಬಾರಿ ಯಾವ ನಾಬ್ ಮುಟ್ಟಿದಿರಿ ಎಂದು ಕೇಳಿದಾಗ, ಒಲೆಯನ್ನು ಪದೇ ಪದೇ ನೋಡಿದವರ ಉತ್ತರ ಬೇರೆಯವರದಷ್ಟೇ ಸರಿಯಾಗಿತ್ತು. ಆದರೆ ಅವರ ನೆನಪಿನ ಬಣ್ಣ ಮಾಸಿತ್ತು, ಆ ನೆನಪಿನ ಮೇಲೆ ಅವರಿಗೆ ನಂಬಿಕೆಯೇ ಉಳಿದಿರಲಿಲ್ಲ.

ಎಂದರೆ ಆರೋಗ್ಯವಂತರೂ ನೋಡಿದ್ದನ್ನೇ ನೋಡುತ್ತಾ ಹೋದರೆ ಅನುಮಾನ ಹೆಚ್ಚುತ್ತದೆ. ನಂಬಿಕೆ ಬರಲಿ ಎಂದು ನಾನು ಮಾಡುತ್ತಿದ್ದ ಕೆಲಸವೇ ನಂಬಿಕೆಯನ್ನು ತಿನ್ನುತ್ತಿತ್ತು. ಮಗಳು "ಆಫ್ ಇತ್ತು ಅಮ್ಮಾ" ಎನ್ನುತ್ತಿದ್ದಳಲ್ಲ, ಆ ಪ್ರೀತಿಯ ಮಾತೂ ಗೀಳಿಗೆ ಹಾಕಿದ ತುತ್ತೇ ಆಗಿತ್ತು.

ಔಷಧ ಶುರುವಾಯಿತು. ಸೆರೊಟೋನಿನ್ ಎಂಬ ರಾಸಾಯನಿಕ ನರಕೋಶಗಳ ನಡುವೆ ಹೆಚ್ಚು ಹೊತ್ತು ಉಳಿಯುವಂತೆ ಮಾಡುವ ಮಾತ್ರೆ. ಖಿನ್ನತೆಗೂ ಇದನ್ನೇ ಕೊಡುತ್ತಾರೆ, ಓಸಿಡಿಗೆ ಸಾಮಾನ್ಯವಾಗಿ ಹೆಚ್ಚು ಪ್ರಮಾಣ ಬೇಕಾಗುತ್ತದೆ, 8ರಿಂದ 12 ವಾರ ಕಾಯಬೇಕಾಗುತ್ತದೆ. ಸೆರೊಟೋನಿನ್ ಕಡಿಮೆಯಾಗಿದೆ, ತುಂಬಿಸಿದರೆ ಸರಿಹೋಗುತ್ತದೆ ಎಂಬಷ್ಟು ಸರಳ ಲೆಕ್ಕ ಇದಲ್ಲ. ಹಾಗಿದ್ದಿದ್ದರೆ ಮಾತ್ರೆ ನುಂಗಿದ ದಿನವೇ ಗುಣವಾಗಬೇಕಿತ್ತು. ಮಿದುಳು ನಿಧಾನವಾಗಿ ತನ್ನನ್ನು ತಾನು ಹೊಂದಿಸಿಕೊಳ್ಳಬೇಕು.

ಮಾತ್ರೆಗಿಂತ ಕಷ್ಟವಾದದ್ದು ಇನ್ನೊಂದು ಚಿಕಿತ್ಸೆ. ಭಯವನ್ನು ಬೇಕೆಂದೇ ಎದುರಿಸಬೇಕು, ಆದರೆ ಅದನ್ನು ತಗ್ಗಿಸುವ ಕೆಲಸ ಮಾತ್ರ ಮಾಡಬಾರದು. ಭಯಗಳನ್ನು 0ರಿಂದ 100ರವರೆಗೆ ಅಂಕ ಕೊಟ್ಟು ಮೆಟ್ಟಿಲಿನಂತೆ ಬರೆದೆವು. ಮೊದಲ ವಾರ: ಫೋಟೋ ತೆಗೆಯದೆ ಹೊರಡುವುದು. ಎರಡನೆಯದು: ಬೀಗ ಹಾಕಿದ ಮೇಲೆ ಮೆಟ್ಟಿಲು ಮತ್ತೆ ಹತ್ತದಿರುವುದು. ನಂತರ ನಾಬ್ ಒಂದೇ ಸಲ ತಿರುಗಿಸಿ, ತಿರುಗಿ ನೋಡದೆ ಅಡುಗೆಮನೆಯಿಂದ ಹೊರಬರುವುದು. ಮಗಳನ್ನೂ ಕರೆಸಿ ಡಾಕ್ಟರ್ ಹೇಳಿದರು: ಅಮ್ಮ ಕೇಳಿದರೆ ಉತ್ತರ ಕೊಡಬೇಡ.

ಒಂದು ದಿನ ಠಾಣೆ ದಾಟುವಾಗ ತಡೆಯಲಾರದೆ ಫೋನು ಮಾಡಿದೆ. "ಒಂದೇ ಸಲ ಹೇಳು ಮಗಾ." ಆಚೆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. "ಅಮ್ಮಾ, ನಾನು ಹೇಳುವುದಿಲ್ಲ" ಎಂದು ಫೋನಿಟ್ಟಳು. ಹೆಂಗಸರ ಡಬ್ಬಿಯ ಗದ್ದಲದಲ್ಲಿ ಕಂಬಿ ಹಿಡಿದು ನಿಂತೆ. ಎದೆ ಹೊಡೆದುಕೊಳ್ಳುತ್ತಿತ್ತು, ಅಂಗೈ ಬೆವರುತ್ತಿತ್ತು, ಕಣ್ಣ ಮುಂದೆ ನಮ್ಮ ಕಟ್ಟಡ ಉರಿಯುತ್ತಿತ್ತು. ಘಾಟ್ಕೋಪರ್ ಬಂತು, ಕುರ್ಲಾ ಬಂತು. ದಾದರಿನಲ್ಲಿ ಪಕ್ಕದವಳು ಮೊಗ್ಗಿನ ಮಾಲೆ ಮುಡಿದಿದ್ದಾಳೆಂದು ಗಮನಕ್ಕೆ ಬಂತು. ಆಗ ತಿಳಿಯಿತು, ಬೆಲ್ಲಿನ ಸದ್ದು ಸಣ್ಣಗಾಗಿತ್ತು. ಯಾರೂ ಬಾಗಿಲು ತೆರೆದಿರಲಿಲ್ಲ, ತಾನಾಗಿಯೇ ಸಣ್ಣಗಾಗಿತ್ತು. ಫೋನಿಟ್ಟ ಮೇಲೆ ಮಗಳು ಕಾಲೇಜಿನ ಬಾತ್‌ರೂಮಿನಲ್ಲಿ ನಿಂತು ಅತ್ತಿದ್ದಳಂತೆ. ಅದನ್ನು ಅವಳು ಹೇಳಿದ್ದು ಆರು ತಿಂಗಳ ನಂತರ.

ಬ್ಯಾಕ್ಸ್‌ಟರ್ ತಂಡ 1992ರಲ್ಲಿ ಇನ್ನೊಂದು ವರದಿ ಪ್ರಕಟಿಸಿತ್ತು. ಕೆಲವು ರೋಗಿಗಳಿಗೆ ಔಷಧ, ಕೆಲವರಿಗೆ ಈ ಬಗೆಯ ವರ್ತನೆಯ ಚಿಕಿತ್ಸೆ. ಗುಣ ಕಂಡವರ ಪೆಟ್ ಸ್ಕ್ಯಾನಿನಲ್ಲಿ, ಎರಡೂ ಗುಂಪಿನವರಲ್ಲಿ, ಕಾಡೇಟಿನ ಅತಿದುಡಿತ ತಗ್ಗಿತ್ತು. ಮಾತ್ರೆಯೇ ಇಲ್ಲದೆ, ಬರೀ ಸುಮ್ಮನೆ ನಿಲ್ಲುವ ಅಭ್ಯಾಸದಿಂದಲೂ ಮಿದುಳು ಬದಲಾಗುತ್ತದೆ. ಆ ದಿನ ದಾದರಿನಲ್ಲಿ ನನ್ನ ತಲೆಯೊಳಗೂ ಅಂಥದ್ದೇನೋ ಶುರುವಾಗಿರಬೇಕು.

ಈಗ ನನ್ನ ಅಂಕ 12. ಪೂರ್ತಿ ಹೋಗಿಲ್ಲ. ನಿದ್ದೆಗೆಟ್ಟ ದಿನ, ತಿಂಗಳ ಕೊನೆಯ ಲೆಕ್ಕದ ದಿನ ಬೆಲ್ ಬಡಿಯುತ್ತದೆ. ಬಡಿಯಲಿ ಎಂದು ಬಿಡಲು ಕಲಿತಿದ್ದೇನೆ.

ಆದರೆ ದೊಡ್ಡಮ್ಮ ಮನಸ್ಸಿನಿಂದ ಹೋಗಲಿಲ್ಲ. ಈ ವರ್ತನೆಯ ಚಿಕಿತ್ಸೆಗೆ ದಾರಿ ಹಾಕಿಕೊಟ್ಟವನು ಲಂಡನ್ನಿನ ವಿಕ್ಟರ್ ಮೇಯರ್. ಇಬ್ಬರು ರೋಗಿಗಳ ಕುರಿತು ಅವನು ಬರೆದದ್ದು 1966ರಲ್ಲಿ. ಅವರಲ್ಲಿ ಒಬ್ಬಾಕೆಯದು ತೊಳೆಯುವ ಗೀಳು. ನಾವು ಮಕ್ಕಳು ದೊಡ್ಡಮ್ಮನನ್ನು ಮುಟ್ಟಿ ಓಡುತ್ತಿದ್ದಾಗ ಆ ದಾರಿ ತೆರೆದು ಹತ್ತು ವರ್ಷ ದಾಟಿತ್ತು. ನಮ್ಮೂರಿಗೆ ಅದು ಬರಲಿಲ್ಲ. ಬಂದಿದ್ದರೂ, ಮಡಿ ಎಂಬ ಹೆಸರು ಇರುವಾಗ ಅದನ್ನು ಕಾಯಿಲೆ ಎಂದು ಯಾರು ನೋಡುತ್ತಿದ್ದರು? ರಾಗ ಒಂದೇ, ಅದಕ್ಕೆ ಸಾಹಿತ್ಯ ಕೊಡುವುದು ಆಯಾ ಊರು. ಅವರಿಗೆ ಮೈಲಿಗೆ, ನನಗೆ ಗ್ಯಾಸ್.

ಕಳೆದ ದೀಪಾವಳಿಗೆ ದೊಡ್ಡಮ್ಮನ ಮಗಳಿಗೆ, ಮಂಗಳೂರಿನಲ್ಲಿರುವ ಅಕ್ಕನಿಗೆ, ಫೋನು ಮಾಡಿ ಎಲ್ಲ ಹೇಳಿದೆ. ನನ್ನ ಒಲೆ, ಫೋಟೋ, ಮಾತ್ರೆ. ಆಮೇಲೆ ದೊಡ್ಡಮ್ಮನ ಬಾವಿಕಟ್ಟೆ. ನಾನು ಮುಟ್ಟಿ ಓಡಿದ್ದನ್ನೂ ಹೇಳಿದೆ.

ಅಕ್ಕ ತುಂಬ ಹೊತ್ತು ಸುಮ್ಮನಿದ್ದಳು. "ರಾತ್ರಿ ಅಮ್ಮನ ಕೈಗೆ ನಾನೇ ತೆಂಗಿನೆಣ್ಣೆ ಹಚ್ಚುತ್ತಿದ್ದದ್ದು. ಉರಿಯುತ್ತದೆ ಅಂತ ಕಣ್ಣು ಮುಚ್ಚುತ್ತಿದ್ದರು. ಒಂದು ದಿನವಾದರೂ ಕೇಳಬಹುದಿತ್ತು ನೋಡು, ನಿಮಗೆ ಯಾಕೆ ಹೀಗಾಗುತ್ತದೆ ಅಂತ. ಕೇಳಲೇ ಇಲ್ಲ."

ಮತ್ತೆ ಸ್ವಲ್ಪ ಹೊತ್ತು ಬಿಟ್ಟು ಕೇಳಿದಳು: "ಇದು ಮಕ್ಕಳಿಗೆ ಬರುತ್ತದಾ?"

ಗೊತ್ತಿದ್ದದ್ದನ್ನು ಹೇಳಿದೆ. ರಕ್ತಸಂಬಂಧಿಗಳಲ್ಲಿ ಬರುವ ಸಂಭವ ಬೇರೆಯವರಿಗಿಂತ ಹೆಚ್ಚು. ಆದರೆ ಹೆಚ್ಚಿನವರಿಗೆ ಬರುವುದಿಲ್ಲ. ಬಂದರೂ ಚಿಕಿತ್ಸೆ ಇದೆ, ಬೇಗ ಶುರುಮಾಡಿದಷ್ಟೂ ಒಳ್ಳೆಯದು.

"ಸಣ್ಣವನು ಈಗ ಬೆಂಗಳೂರಿನಲ್ಲಿ" ಎಂದಳು. "ಬಚ್ಚಲಿಗೆ ಹೋದರೆ ಒಂದೂವರೆ ಗಂಟೆ. ರೂಮಿನ ಹುಡುಗರು ಜಗಳ ಮಾಡಿ ಎರಡು ಕಡೆ ಬಿಡಿಸಿದ್ದಾರೆ. ನಾನು ಮೊಬೈಲ್ ಹಿಡಿದುಕೊಂಡು ಕೂರುತ್ತಾನೆ ಅಂತ ಎಣಿಸಿದ್ದೆ. ಮೊನ್ನೆ ಬಂದಾಗ ನೋಡಿದೆ. ಅವನ ಕೈ ಅಮ್ಮನ ಕೈಯ ಹಾಗೆಯೇ ಆಗಿದೆ."

ಬೆಂಗಳೂರಿನ ನಿಮ್ಹಾನ್ಸಿನಲ್ಲಿ ಈ ಕಾಯಿಲೆಗೆಂದೇ ಪ್ರತ್ಯೇಕ ಓಸಿಡಿ ಕ್ಲಿನಿಕ್ ಇದೆಯೆಂದು ಹೇಳಿದೆ. ಹೋಗಲು ಅವನು ಒಪ್ಪದಿದ್ದರೆ ಮೊದಲು ಟೆಲಿ ಮಾನಸ್‌ಗೆ ಫೋನು ಮಾಡಲಿ, ಸರಕಾರದ್ದು, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು ಎಂದೆ. ನಾನು ಮೂರು ಭಾಷೆಯಲ್ಲಿ ತಡವರಿಸಿದ ಹಾಗೆ ಅವನು ತಡವರಿಸಬೇಕಾಗಿಲ್ಲ.

"ನಿಲ್ಲು, ಪೆನ್ನು ತರುತ್ತೇನೆ" ಎಂದಳು ಅಕ್ಕ. ಬಂದು, "ಹೇಳು" ಎಂದಳು.

14416 ಎಂದೆ.